ಮಣ್ಣಡಿಯ ಪೈಪೂ ಕುಶಾಲಪ್ಪಣ್ಣನ ಟ್ಯಾಬ್ಲೆಟ್ಟೂ

ಮೊಬೈಲು, ಕಂಪ್ಯೂಟರು, ಟ್ಯಾಬ್ಲೆಟ್ಟುಗಳ ವಿಷಯದಲ್ಲಿ ನಾನು ತಜ್ಞ. ಹೀಗೆಂದು ಹೇಳಿದವರು ಬೇರೆ ಯಾರೂ ಅಲ್ಲ, ನಾನೇ. ಸುಳ್ಯ ಪೇಟೆಯ ಪೈಪಿನಂಗಡಿಯೊಂದರಲ್ಲಿ ಬಿಲ್ಲು ಹೊಡೆಯುವುದು ನನ್ನ ಉದ್ಯೋಗ. ಎಲ್ಬೋ ಎಷ್ಟು, ಎಂಡ್‌ಕ್ಯಾಪ್ ಎಷ್ಟು, ಗೇಟ್‌ವಾಲ್ವ್ ಎಷ್ಟು ಎಂದು ಬೆಳಿಗ್ಗೆಯಿಂದ ಸಂಜೆಯವರೆಗೆ ಕೀಲಿ ಒತ್ತುತ್ತೇನೆ. ಊಟದ ಬಿಡುವಿನಲ್ಲಿ, ನನ್ನ ಸಂಬಳದಲ್ಲಿ ಎಂದೂ ಕೊಳ್ಳಲಾಗದ ವಸ್ತುಗಳ ವಿಮರ್ಶೆಯ ವಿಡಿಯೊ ನೋಡುತ್ತೇನೆ. ನೋಡಿದ್ದನ್ನು ಅಂಗಡಿಗೆ ಬಂದವರಿಗೆಲ್ಲ ಹೇಳುತ್ತೇನೆ. ನಾನಾಗಿ ದುಡ್ಡು ಕೊಟ್ಟು ಕೊಂಡದ್ದು ಒಂದೇ ಒಂದು, ಹೆಜ್ಜೆ ಎಣಿಸುವ ಕೈಗಡಿಯಾರ. ಜಾಲ್ಸೂರಿನಿಂದ ಸುಳ್ಯಕ್ಕೆ ಬಸ್ಸಿನಲ್ಲಿ ಕುಲುಕುತ್ತಾ ನಿಂತು ಬಂದರೆ ಅದು ನನ್ನನ್ನು ಎರಡು ಸಾವಿರ ಹೆಜ್ಜೆ ನಡೆದವನೆಂದು ಅಭಿನಂದಿಸುತ್ತದೆ. ಬೇರೆ ಎಲ್ಲೂ ಅಭಿನಂದನೆ ಸಿಗದ ಕಾರಣ ಇನ್ನೂ ಕಟ್ಟಿಕೊಂಡಿದ್ದೇನೆ.

ಕಳೆದ ಫೆಬ್ರವರಿಯ ಒಂದು ಮಧ್ಯಾಹ್ನ ಕುಶಾಲಪ್ಪಣ್ಣ ಅಂಗಡಿಗೆ ಬಂದು ಕೌಂಟರಿನ ಮೇಲೆ ಮಡಚಿದ ಪತ್ರಿಕೆಯನ್ನು ಬಿಡಿಸಿ ಇಟ್ಟರು. ಪೂರ್ತಿ ಪುಟದ ಜಾಹೀರಾತು.

“ಲತೀಶ, ಇದು ಎಂತ ಸಾಮಾನು?”

ನನ್ನ ಎದೆ ಅರಳಿತು. ಇಷ್ಟು ವರ್ಷ ನೋಡಿದ ವಿಡಿಯೊಗಳೆಲ್ಲ ಸಾರ್ಥಕವಾಗುವ ಗಳಿಗೆ. “ಹೈಬ್ರಿಡ್ ಟ್ಯಾಬ್ಲೆಟ್ ಅಣ್ಣ. ಮೊನ್ನೆಯಷ್ಟೇ ಘೋಷಣೆ ಆದದ್ದು. ಕೀಬೋರ್ಡ್ ಸಿಕ್ಕಿಸಿದ್ರೆ ಲ್ಯಾಪ್‌ಟಾಪು, ಕಿತ್ತು ತೆಗೆದ್ರೆ ಸ್ಲೇಟು. ಪೆನ್ನಲ್ಲಿ ಬರೀಲಿಕ್ಕೂ ಆಗ್ತದೆ.”

“ಹೈಬ್ರಿಡ್ ಅಂದ್ರೆ ತೆಂಗಿನ ಗಿಡದ ಹಾಗೆಯಾ? ಬೇಗ ಫಲ ಕೊಟ್ಟು ಬೇಗ ಸಾಯುದು?”

“ಹಾಗಲ್ಲ ಅಣ್ಣ, ಇದರ ಪ್ರೊಸೆಸರ್ ಉಂಟಲ್ಲ...”

“ಅದು ಇರಲಿ. ಬರೆದದ್ದನ್ನು ದೊಡ್ಡ ಮಾಡಿ ನೋಡ್ಲಿಕ್ಕೆ ಆಗ್ತದಾ?”

“ಆಗ್ತದೆ. ಮತ್ತೆ ಇದರ ಮೆಮೊರಿ...”

“ಎಷ್ಟು ದೊಡ್ಡ?”

“ನಿಮಗೆ ಎಷ್ಟು ಬೇಕೋ ಅಷ್ಟು.”

ಅವರು ಕೌಂಟರಿನ ಪಕ್ಕದ ಪೈಪಿನ ಕಟ್ಟಿನ ಮೇಲೆ ಕುಳಿತರು. ಮಾತಿಗೆ ಮಾತು ಸೇರಿಸದೆ ಕುಶಾಲಪ್ಪಣ್ಣ ಕುಳಿತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಕುಶಾಲಪ್ಪಣ್ಣನ ಕೆಲಸಕ್ಕೆ ಸರಿಯಾದ ಹೆಸರಿಲ್ಲ. ಪ್ಲಂಬರ್ ಎಂದರೆ ಕಡಿಮೆಯಾಗುತ್ತದೆ, ಇಂಜಿನಿಯರ್ ಎಂದರೆ ಅವರೇ ಬೈಯುತ್ತಾರೆ. ನಮ್ಮ ಕಡೆ ಗುಡ್ಡದ ಮೇಲಿನ ಒರತೆಗೆ ಕಟ್ಟೆ ಕಟ್ಟಿ, ಅಲ್ಲಿಂದ ಪೈಪಿನಲ್ಲಿ ತೋಟಕ್ಕೆ ನೀರು ಇಳಿಸುತ್ತಾರೆ. ಮೋಟಾರು ಬೇಡ, ಕರೆಂಟು ಬೇಡ. ಪೈಪನ್ನು ಮಣ್ಣಿನಡಿಯಲ್ಲಿ ಹೂಳುತ್ತಾರೆ. ಹೂಳಿದ ಮರುವರ್ಷಕ್ಕೆ ಅದು ಎಲ್ಲಿ ಹೋಗಿದೆ ಎಂದು ತೋಟದ ಯಜಮಾನನಿಗೇ ಮರೆತುಹೋಗುತ್ತದೆ. ಮೇಲಿನಿಂದ ಮಣ್ಣು ಹಾಕುತ್ತಾರೆ, ಸೊಪ್ಪು ಹಾಕುತ್ತಾರೆ, ಮಕ್ಕಳು ಪಾಲು ಮಾಡಿಕೊಳ್ಳುತ್ತಾರೆ. ಆಮೇಲೆ ಎಲ್ಲೋ ಒಂದು ಕಡೆ ನೀರು ಸೋರಿದರೆ ಎಲ್ಲಿ ಅಗೆಯುವುದು? ಆಗ ಕುಶಾಲಪ್ಪಣ್ಣನಿಗೆ ಫೋನು.

ಮೂವತ್ತೆರಡು ವರ್ಷಗಳಿಂದ ಅವರು ಪೈಪು ಹಾಕಿದ, ಸರಿಮಾಡಿದ ಪ್ರತಿಯೊಂದು ತೋಟದ ನಕ್ಷೆಯನ್ನೂ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದಾರೆ. ಮೂವತ್ತೊಂದು ನೋಟುಪುಸ್ತಕಗಳು, ಸುಮಾರು ನೂರ ನಲವತ್ತು ತೋಟಗಳು. ಸುಳ್ಯ, ಕಡಬ, ಪುತ್ತೂರಿನ ಆಚೀಚೆ. ಅವರ ನಕ್ಷೆಯಲ್ಲಿ ಉತ್ತರ ದಿಕ್ಕು ಮೇಲಿರುವುದಿಲ್ಲ, ನೀರು ಬರುವ ದಿಕ್ಕು ಮೇಲಿರುತ್ತದೆ. ಅಳತೆ ಕೋಲಿನಲ್ಲಿ (ಒಂದು ಕೋಲೆಂದರೆ ಸುಮಾರು ಎರಡೂವರೆ ಅಡಿ) ಇದ್ದರೂ ಗುರುತು ಮರಗಳಲ್ಲಿ: ಮೂರನೇ ಸಾಲು, ಎಂಟನೇ ಅಡಿಕೆ ಮರ, ಅದರ ಬುಡದಿಂದ ತೋಡಿನ, ಅಂದರೆ ಹಳ್ಳದ, ಕಡೆಗೆ ಒಂದು ಕೋಲು, ಅಲ್ಲಿ ವಾಲ್ವ್. ಮರ ಸತ್ತರೆ? ನಮ್ಮಲ್ಲಿ ಹಳದಿ ರೋಗಕ್ಕೆ ಸಾಲುಸಾಲಾಗಿ ಸಾಯುತ್ತವೆ. ಅದಕ್ಕೆಂದೇ ಅವರು, ಯಾರೂ ಕರೆಯದಿದ್ದರೂ, ವರ್ಷಕ್ಕೊಮ್ಮೆ ಪ್ರತಿ ತೋಟಕ್ಕೆ ಹೋಗಿ, ಸತ್ತ ಮರವನ್ನು ರಬ್ಬರಿನಲ್ಲಿ ಒರೆಸಿ, ಇದ್ದ ಇನ್ನೊಂದು ಮರದಿಂದ ಹೊಸ ಲೆಕ್ಕ ಬರೆದು ಬರುತ್ತಾರೆ. ಇದಕ್ಕೆ ಅವರು ಯಾರ ಹತ್ತಿರವೂ ಏನೂ ತೆಗೆದುಕೊಳ್ಳುವುದಿಲ್ಲ. ಚಾ ಕುಡಿಯುತ್ತಾರೆ.

ಒಮ್ಮೆ ಹೋಟೆಲಿನಲ್ಲಿ ಗೋಳಿಬಜೆ ತಿನ್ನುತ್ತಿದ್ದಾಗ ಅವರಿಗೆ ಯಾರದೋ ಫೋನು ಬಂತು. ನಾನು ಎದುರಿಗೇ ಇದ್ದೆ. ಪುಸ್ತಕ ಕೈಯಲ್ಲಿ ಇಲ್ಲ, ಬಾಯಲ್ಲಿ ಬಜೆ ಇದೆ.

“ನಿಮ್ಮ ದನದ ಹಟ್ಟಿಯ ಹಿಂದೆ ಪೇರಳೆ ಮರ ಉಂಟಲ್ಲ... ಕಡಿದ್ರಾ? ಎಂತಕ್ಕೆ ಕಡಿದ್ರಿ ಮಾರಾಯ್ರೆ, ಅದು ನನ್ನ ಗುರುತು! ಆಯ್ತು, ಬುಡವಾದ್ರೂ ಉಂಟಾ? ಹಾಂ, ಆ ಬುಡದಿಂದ ಬಾವಿ ಕಡೆಗೆ ನಾಲ್ಕು ಕೋಲು. ಅಲ್ಲಿ ಒಂದು ಕರಿ ಕಲ್ಲು ಸಿಗ್ತದೆ. ಕಲ್ಲು ಎಬ್ಬಿಸಿ. ಜೋರು ಗುದ್ದಬೇಡಿ, ಅಡಿಯಲ್ಲಿ ಪೈಪುಂಟು.”

ಫೋನಿಟ್ಟು, ಚಟ್ನಿ ಇನ್ನೊಮ್ಮೆ ಕೇಳಿದರು. ಹತ್ತು ನಿಮಿಷದಲ್ಲಿ ಅದೇ ಮನುಷ್ಯ ಮತ್ತೆ ಫೋನು ಮಾಡಿ, ಕಲ್ಲು ಸಿಕ್ಕಿತು, ಪೈಪೂ ಸಿಕ್ಕಿತು ಎಂದ. ನನ್ನ ಬ್ಯಾಂಕಿನ ಪಾಸ್‌ವರ್ಡು ನನಗೆ ತಿಂಗಳಿಗೆರಡು ಬಾರಿ ಮರೆತುಹೋಗುತ್ತದೆ.

ಇಂಥವರು ಪೈಪಿನ ಕಟ್ಟಿನ ಮೇಲೆ ಸುಮ್ಮನೆ ಕುಳಿತಿದ್ದರು. ಕೊನೆಗೆ ವಿಷಯ ಹೇಳಿದರು. ಹಿಂದಿನ ತಿಂಗಳು ಕೊಲ್ಲಮೊಗ್ರಿನ ಒಂದು ತೋಟದಲ್ಲಿ ಅವರು ತೋರಿಸಿದ ಜಾಗದಲ್ಲಿ ಅಗೆದರೆ ಪೈಪು ಇರಲಿಲ್ಲ. ಮೂರು ಎಂದು ಅವರೇ ಬರೆದದ್ದನ್ನು ಎಂಟು ಎಂದು ಓದಿದ್ದರು. ಒಂದು ದಿನ ಇಬ್ಬರು ಆಳುಗಳು ಸುಮ್ಮನೆ ಅಗೆದಿದ್ದರು. ಕುಶಾಲಪ್ಪಣ್ಣ ತಾನೇ ನಿಂತು ಆ ಗುಂಡಿ ಮುಚ್ಚಿ, ಕೂಲಿ ಬೇಡವೆಂದು ಬಂದಿದ್ದರು. ಪುತ್ತೂರಿನಲ್ಲಿ ಕಣ್ಣು ತೋರಿಸಿದ್ದಾಯಿತು. ಕನ್ನಡಕ ಬದಲಿಸಿದ್ದಾಯಿತು. ಸಣ್ಣ ಅಕ್ಷರ ಇನ್ನು ಕಷ್ಟವೇ, ಇದ್ದಷ್ಟು ದೃಷ್ಟಿ ಉಳಿಸಿಕೊಳ್ಳೋಣ ಎಂದು ಡಾಕ್ಟರು ಹೇಳಿದ್ದರು.

“ನಾನು ಬರೆದದ್ದು ನನಗೇ ಕಾಣುದಿಲ್ಲ ಅಂತಾದ್ರೆ, ಇನ್ನೊಬ್ಬರ ತೋಟದಲ್ಲಿ ನಿಂತು ಇಲ್ಲಿ ಅಗೀರಿ ಅಂತ ಯಾವ ಬಾಯಲ್ಲಿ ಹೇಳುದು? ಕೆಲಸ ಬಿಡುದೇ ಮರ್ಯಾದೆ,” ಎಂದರು. “ಅದಕ್ಕೆ ಕೇಳಿದ್ದು. ಇದು ಪ್ರಯೋಜನ ಉಂಟಾದ್ರೆ ತೆಗೊಳ್ಳುದು. ಇಲ್ಲದಿದ್ರೆ ಬರುವ ಮಳೆಗಾಲಕ್ಕೆ ಬಿಡುದು.”

ಈ ಮಾತು ಕೇಳಿ ಒಬ್ಬ ಒಳ್ಳೆಯ ಮನುಷ್ಯ ಸುಮ್ಮನಾಗುತ್ತಿದ್ದ. ನಾನು ಅಂದು ಸಂಜೆ ಮನೆಗೆ ಹೋಗಿ ಹದಿನಾಲ್ಕು ಕಾಲಮ್ಮಿನ ತುಲನಾ ಪಟ್ಟಿ ತಯಾರಿಸಿದೆ. ಆರು ಕಂಪನಿಗಳ ಒಂಬತ್ತು ಮಾದರಿ. ಬ್ಯಾಟರಿ, ತೂಕ, ಪರದೆಯ ಹೊಳಪು, ಸ್ಪೀಕರು ಎಷ್ಟು. ಮರುದಿನ ತೋರಿಸಿದೆ. ಕುಶಾಲಪ್ಪಣ್ಣ ಪಟ್ಟಿಯನ್ನು ದೂರ ಹಿಡಿದರು, ಹತ್ತಿರ ಹಿಡಿದರು.

“ಒಳ್ಳೇದುಂಟು. ನನಗೆ ಕಾಣುದಿಲ್ಲ,” ಎಂದರು.

ಮುಂಗಡ ಬುಕ್ ಮಾಡಿದವರಿಗೆ ಪೆನ್ನು ಉಚಿತ, ಮಾರ್ಚ್ ಹದಿನೈದು ಕೊನೆಯ ದಿನ. ಪುತ್ತೂರಿನ ಒಂದು ಅಂಗಡಿಗೆ ನೋಡಲಿಕ್ಕೆ ಒಂದು ಪೀಸು ಬಂದಿದೆ ಎಂದು ತಿಳಿದು, ಭಾನುವಾರ ಇಬ್ಬರೂ ಬಸ್ಸು ಹತ್ತಿದೆವು. ಕುಶಾಲಪ್ಪಣ್ಣ ಒಂದು ನೋಟುಪುಸ್ತಕವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಂದಿದ್ದರು. ದಾರಿಯುದ್ದಕ್ಕೂ ನಾನು ರಿಫ್ರೆಶ್ ರೇಟಿನ ಬಗ್ಗೆ ವಿವರಿಸಿದೆ. ಅವರು ಕಿಟಕಿಯಿಂದ ಹೊರಗೆ ನೋಡುತ್ತಾ, ಅಲ್ಲೊಂದು ತೋಟದಲ್ಲಿ ನೀರು ಚಿಮ್ಮಿಸುವ ಜೆಟ್ ತಿರುಗುತ್ತಿಲ್ಲ, ಎಂಡ್‌ಕ್ಯಾಪ್ ಹಾರಿರಬೇಕು ಎಂದರು.

ಅಂಗಡಿಯಲ್ಲಿ ಝುಬೈದಾ ಎಂಬ ಹುಡುಗಿ ನಮಗೆ ವಿವರಿಸಲಿಕ್ಕೆ ನಿಂತಳು. ನಾನು ಅವಳಿಗೆ ವಿವರಿಸಿದೆ. ಅವಳು ತಾಳ್ಮೆಯಿಂದ ಕೇಳಿ, “ನಿಮಗೆ ಗೊತ್ತುಂಟಲ್ಲ ಸಾರ್, ಹಾಗಾದ್ರೆ ನಾನು ಇವರ ಹತ್ರ ಮಾತಾಡ್ತೇನೆ ಆಯ್ತಾ,” ಎಂದು ಪೆನ್ನನ್ನು ಕುಶಾಲಪ್ಪಣ್ಣನಿಗೆ ಕೊಟ್ಟಳು.

ಅವರು ಮೊದಲು ಪೆನ್ನಿನ ಮೊನೆಯನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದರು. ಆಮೇಲೆ ಪರದೆಯ ಮೇಲೆ ನಿಧಾನಕ್ಕೆ ಒಂದು ಗೆರೆ ಎಳೆದರು. ಎರಡು ಕಡೆ ಸ್ವಲ್ಪ ಬಾಗಿದ ಗೆರೆ. ಪೆನ್ನು ಎತ್ತಿದ ಕೂಡಲೇ ಆ ಗೆರೆ ತನ್ನಷ್ಟಕ್ಕೆ ನೇರವಾಗಿ ನಿಂತಿತು.

“ಇದೆಂತ? ನಾನು ಹೀಗೆ ಎಳೆದದ್ದಲ್ಲ.”

“ಅದೇ ಸರಿಮಾಡ್ತದೆ ಅಣ್ಣ,” ಎಂದೆ ಹೆಮ್ಮೆಯಿಂದ, ನಾನೇ ಸರಿಮಾಡಿದವನ ಹಾಗೆ.

“ಸರಿ ಇದ್ದದ್ದನ್ನು ಎಂತಕ್ಕೆ ಸರಿಮಾಡುದು? ಇವನ ತಲೆಯ ಹಾಗೇ ಉಂಟು ಇದು.”

ಝುಬೈದಾ ನಗು ತಡೆದುಕೊಂಡು ಎಲ್ಲೋ ಒತ್ತಿ ಅದನ್ನು ನಿಲ್ಲಿಸಿದಳು. “ಈಗ ಬರೀರಿ ಅಣ್ಣ. ಇನ್ನು ಅದು ಬಾಯಿ ಹಾಕುದಿಲ್ಲ.”

ಅವರು ಬರೆದರು. ಬಾಗಿದ್ದು ಬಾಗಿದ ಹಾಗೇ ಉಳಿಯಿತು. ಕೈ ಕೆಸರಾಗಿದ್ದರೆ ನಡೆಯುತ್ತದಾ ಎಂದು ಕೇಳಿದರು. ಒದ್ದೆ ಬೆರಳಿಗೆ ಕೇಳುತ್ತದಾ ಎಂದು, ಅವಳು ಉತ್ತರಿಸುವ ಮೊದಲೇ ತನ್ನ ಬಾಟಲಿಯ ಮುಚ್ಚಳ ಬಿಚ್ಚಿದರು. ಝುಬೈದಾ ಎರಡು ಕೈಯಲ್ಲೂ ಟ್ಯಾಬ್ಲೆಟ್ಟನ್ನು ಎತ್ತಿ ಎದೆಗೆ ಒತ್ತಿಕೊಂಡಳು. “ಅಣ್ಣ, ಇದು ನೋಡ್ಲಿಕ್ಕೆ ಇಟ್ಟದ್ದು, ತೊಳೀಲಿಕ್ಕೆ ಅಲ್ಲ!” ಕೊನೆಗೆ ಬಾಗಿಲ ಹೊರಗೆ ಬಿಸಿಲಿನಲ್ಲಿ ಹಿಡಿದು ತೋರಿಸೆಂದರು. ಹಿಡಿದಳು. ಪರದೆಯಲ್ಲಿ ನಮ್ಮ ಮೂವರ ಮುಖ ಕಂಡಿತೇ ವಿನಾ ಬರೆದದ್ದು ಕಾಣಲಿಲ್ಲ.

“ಆಲೋಚನೆ ಮಾಡ್ತೇನೆ,” ಎಂದು ಕುಶಾಲಪ್ಪಣ್ಣ ಎದ್ದರು.

ನನಗೆ ನಿರಾಶೆಯಾಯಿತು. ನಿಜ ಹೇಳುತ್ತೇನೆ, ಅವರ ಕಣ್ಣಿನ ಚಿಂತೆ ನನಗೆ ಅರ್ಧ ಇತ್ತು. ಅವರು ಕೊಂಡರೆ ನಾನೂ ಮುಟ್ಟಿ ನೋಡಬಹುದಲ್ಲ ಎಂಬುದು ಇನ್ನರ್ಧ. ಅದರ ಪ್ರಯೋಜನ ಅವರಿಗೆ ಕಣ್ಣಾರೆ ತೋರಿಸಬೇಕೆಂದು ಹಟ ಹತ್ತಿತು. ನನ್ನ ಅತ್ತೆಯ ಮಗ ಸಂಪ್ರೀತನ ಹತ್ತಿರ ಅದೇ ಬಗೆಯ ಹಳೆಯದೊಂದು ಟ್ಯಾಬ್ಲೆಟ್ ಇತ್ತು, ಎರಡು ವಾರಕ್ಕೆ ಬೇಡಿ ತಂದೆ. ಕುಶಾಲಪ್ಪಣ್ಣ ಪುತ್ತೂರಿಗೆ ತಂದಿದ್ದ ಪುಸ್ತಕದ ಒಂದು ಪುಟದ ಫೋಟೊವನ್ನು ಬಸ್ಸಿನಲ್ಲಿ ನನ್ನ ಫೋನಿನಲ್ಲಿ ಹಿಡಿದಿಟ್ಟಿದ್ದೆ: ಮರ್ಕಂಜದ ತ್ಯಾಂಪಣ್ಣ ರೈಗಳ ತೋಟ. ಅದನ್ನು ನೋಡಿ ನಕ್ಷೆಯನ್ನು ಹೊಸದಾಗಿ, ಚಂದವಾಗಿ ಬರೆಯಲಿಕ್ಕೆ ಕುಳಿತೆ.

ಒಂದು ಅಡಿಕೆ ಮರ ಬರೆದೆ. ಅದನ್ನೇ ನಾನೂರ ಇಪ್ಪತ್ತು ಬಾರಿ ನಕಲು ಮಾಡಿ ಸಾಲಾಗಿ ನಿಲ್ಲಿಸಿದೆ. ಮಿಲಿಟರಿ ಪೆರೇಡಿನ ಹಾಗೆ ಕಂಡಿತು. ಪೈಪಿಗೆ ನೀಲಿ ಬಣ್ಣ, ವಾಲ್ವಿಗೆ ಕೆಂಪು. ಕುಶಾಲಪ್ಪಣ್ಣನ ಮುಖ್ಯ ಪೈಪಿನ ಗೆರೆ ಹನ್ನೊಂದು ಕಡೆ ಅಷ್ಟಷ್ಟು ಡೊಂಕಾಗಿತ್ತು. ಪಾಪ, ವಯಸ್ಸಾಯಿತು, ಕೈ ನಡುಗುತ್ತದೆ ಎಂದುಕೊಂಡೆ. ಮೇಲಿನಿಂದ ಕೆಳಗೆ ಒಂದೇ ಎಳೆತ, ನೇರ ಗೆರೆ. ಅಷ್ಟು ಚಂದದ ವಸ್ತುವನ್ನು ನಾನೊಬ್ಬನೇ ನೋಡಿದರೆ ಸಾಕೇ? ಕುಶಾಲಪ್ಪಣ್ಣನಿಗೆ ತೋರಿಸುವ ಮೊದಲೇ, ತ್ಯಾಂಪಣ್ಣ ರೈಗಳ ವಾಟ್ಸಾಪಿಗೆ ಕಳಿಸಿದೆ. ‘ನಿಮ್ಮ ತೋಟದ ಡಿಜಿಟಲ್ ನಕ್ಷೆ. ಕುಶಾಲಪ್ಪಣ್ಣನ ಪುಸ್ತಕದಿಂದ.’ ಅವರು ಎರಡು ಹೆಬ್ಬೆರಳು, ಒಂದು ನಮಸ್ಕಾರ ಕಳಿಸಿದರು.

ನಮ್ಮ ಕಡೆ ಪೈಪು ಇರುವ ತೋಟದಲ್ಲಿ ಹೊಸ ಗುಂಡಿ ತೆಗೆಯುವ ಮೊದಲು ಕುಶಾಲಪ್ಪಣ್ಣನನ್ನು ಕರೆಸುವುದು ವಾಡಿಕೆ. ಅವರು ಪುಸ್ತಕ ಹಿಡಿದು ನಡೆದು, ಪೈಪು ಹೋದಲ್ಲೆಲ್ಲ ಒಂದೊಂದು ಗೂಟ ನೆಟ್ಟು, ಗೂಟದ ತಲೆಗೆ ಹಸಿರು ಸೊಪ್ಪು ಕಟ್ಟುತ್ತಾರೆ. ಸೊಪ್ಪಿನ ಸಾಲು ಕಂಡಲ್ಲಿ ಆಳುಗಳು ಹಾರೆ ಇಳಿಸುವುದಿಲ್ಲ. ಹಳದಿ ರೋಗಕ್ಕೆ ಮರ ಹೋದ ಸಾಲುಗಳಲ್ಲಿ ತ್ಯಾಂಪಣ್ಣ ರೈಗಳಿಗೆ ಆ ವಾರ ಸಸಿ ನೆಡಲಿಕ್ಕಿತ್ತು, ಅದಕ್ಕೆ ಗುಂಡಿ ತೆಗೆಯುವ ಸಣ್ಣ ಯಂತ್ರ ಬಂದಿತ್ತು. ನಕ್ಷೆ ಫೋನಿನಲ್ಲೇ ಇರುವಾಗ ಕುಶಾಲಪ್ಪನನ್ನು ಕರೆಸುವುದು ಯಾಕೆ ಎಂದು ಅವರು ಸೊಪ್ಪು ಕಟ್ಟಿಸಲಿಲ್ಲ.

ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ ನನಗೆ ರೈಗಳ ಫೋನು ಬಂತು.

“ಲತೀಶನಾ? ನಿನ್ನ ನೀಲಿ ಗೆರೆ ಬಿಟ್ಟು ಎರಡು ಕೋಲು ಈಚೆ ಅಗೆದದ್ದು ಮಾರಾಯ. ಪೈಪು ಇಲ್ಲಿ ಹೇಗೆ ಬಂತು? ತೋಟ ಇಡೀ ಹೊಳೆ ಆಗಿಯುಂಟು. ಎಂಚಿ ಸಾವು ಮಾರಾಯ, ಎಂತ ಗ್ರಹಚಾರ ಇದು!”

ಅಂಗಡಿಯಿಂದ ರಜೆ ಕೇಳಿ, ಸಂಪ್ರೀತನ ಟ್ಯಾಬ್ಲೆಟ್ಟನ್ನು ಚೀಲಕ್ಕೆ ಹಾಕಿಕೊಂಡು (ಯಾಕೆ ಹಾಕಿಕೊಂಡೆನೋ, ಪ್ರಾಯಶಃ ಅಪರಾಧಿಯ ಜೊತೆ ಆಯುಧವೂ ಇರಲಿ ಎಂದು), ಕುಶಾಲಪ್ಪಣ್ಣನನ್ನು ಕರೆಸಿ ಅವರ ಬೈಕಿನ ಹಿಂದೆ ಕುಳಿತು ಮರ್ಕಂಜಕ್ಕೆ ಹೋದೆ. ದಾರಿಯಲ್ಲಿ ಎಲ್ಲವನ್ನೂ ಒಪ್ಪಿಕೊಂಡೆ. ಅವರು ತಿರುಗಿ ನೋಡಲಿಲ್ಲ. ಒಂದು ತಿರುವಿನಲ್ಲಿ ಮಾತ್ರ ಕೇಳಿದರು:

“ಹನ್ನೊಂದು ಡೊಂಕು ಇತ್ತಲ್ಲ, ಅದನ್ನು ಎಂತ ಮಾಡಿದೆ?”

“ನೇರ ಮಾಡಿದೆ ಅಣ್ಣ. ನಿಮ್ಮ ಕೈ ನಡುಗಿದ್ದು ಅಂತ...”

“ಕೈ ನಡುಗಿದ್ದಲ್ಲ ಮಾರಾಯ. ಪೈಪು ಹಾಗೆಯೇ ಹೋಗಿದೆ. ಅಡಿಯಲ್ಲಿ ಬಂಡೆ ಉಂಟು. ಬಂಡೆ ಬಂದಲ್ಲೆಲ್ಲ ಸುತ್ತು ಹಾಕಿದ್ದು. ಹನ್ನೊಂದು ಬಂಡೆ.”

ತೋಟದಲ್ಲಿ ನೀರು ಎದೆಯೆತ್ತರಕ್ಕೆ ಚಿಮ್ಮುತ್ತಿತ್ತು. ಹೊಸ ಗುಂಡಿಗಳೆಲ್ಲ ತುಂಬಿದ್ದವು; ನೆಡಬೇಕಾದ ಸಸಿಗಳ ಪ್ಲಾಸ್ಟಿಕ್ ತೊಟ್ಟೆಗಳು ತೇಲಿಕೊಂಡು ತೋಡಿನ ಕಡೆಗೆ ಹೊರಟಿದ್ದವು. ಮೋಟಾರಿನ ನೀರಾದರೆ ಸ್ವಿಚ್ಚು ಆರಿಸಬಹುದು. ಇದು ಗುಡ್ಡದ ನೀರು. ನಿಲ್ಲಿಸಬೇಕಾದರೆ ಮಣ್ಣಿನಡಿಯ ವಾಲ್ವ್ ಹುಡುಕಿ ತಿರುಗಿಸಬೇಕು. ತ್ಯಾಂಪಣ್ಣ ರೈಗಳು ಎಪ್ಪತ್ತು ದಾಟಿದ ದೊಡ್ಡ ದನಿಯ ಮನುಷ್ಯ, ತಲೆಗೆ ಅಡಿಕೆ ಹಾಳೆಯ ಮುಟ್ಟಾಳೆ ಇಟ್ಟುಕೊಂಡು ದಿಬ್ಬದ ಮೇಲೆ ನಿಂತು ಕೂಗುತ್ತಿದ್ದರು.

“ಬಾ ಕುಶಾಲಪ್ಪ, ಬಾ! ನಿನ್ನ ಪುಸ್ತಕವನ್ನು ನಂಬಿ ಹೀಗಾಯ್ತು ನೋಡು!”

ಕುಶಾಲಪ್ಪಣ್ಣನ ಮುಖ ಬಿಗಿಯಾದದ್ದನ್ನು ನಾನು ನೋಡಿದೆ. ಮೂವತ್ತೆರಡು ವರ್ಷದಲ್ಲಿ ಆ ಮಾತನ್ನು ಅವರಿಗೆ ಯಾರೂ ಹೇಳಿರಲಿಲ್ಲ.

“ಪುಸ್ತಕದ್ದಲ್ಲ ರೈಗಳೇ, ತಪ್ಪು ನನ್ನದು,” ಎಂದೆ. ನನ್ನ ಜೀವನದಲ್ಲಿ ನಾನು ಆಡಿದ ಅತಿ ಚಿಕ್ಕ ತಾಂತ್ರಿಕ ವಿವರಣೆ ಅದು.

ಕುಶಾಲಪ್ಪಣ್ಣ ಪುಸ್ತಕ ತೆರೆದರು. ದೂರ ಹಿಡಿದರು, ಓರೆ ಹಿಡಿದರು, ಕನ್ನಡಕ ತೆಗೆದು ನೋಡಿದರು. ಆಮೇಲೆ, ತುಂಬ ಮೆಲ್ಲಗೆ, ರೈಗಳಿಗೆ ಕೇಳದ ಹಾಗೆ, “ವಾಲ್ವಿನ ಸಾಲು ಎಷ್ಟು ಅಂತ ಓದು,” ಎಂದು ಪುಸ್ತಕವನ್ನು ನನಗೆ ಕೊಟ್ಟರು.

ನಾನು ನೋಡಿದೆ. ಅಲ್ಲಿ ಒರೆಸಿ ಬರೆದು, ಮತ್ತೆ ಒರೆಸಿ ಬರೆದು, ಕಾಗದ ಸವೆದು, ಸಾಸಿವೆಯಷ್ಟು ಗಾತ್ರದ ಅಂಕಿಯೊಂದು ಇತ್ತು. ಮೂರೂ ಆಗಬಹುದು, ಎಂಟೂ ಆಗಬಹುದು. ಇಪ್ಪತ್ತಾರು ವರ್ಷದ ನನ್ನ ಕಣ್ಣಿಗೂ ತಿಳಿಯಲಿಲ್ಲ. ಒಂದು ಸಲ ಅವರ ಗೆರೆಯನ್ನು ನಾನು ಊಹಿಸಿ ಓದಿ ಆದ ಅನಾಹುತ ಕಣ್ಣೆದುರಿಗೇ ಚಿಮ್ಮುತ್ತಿತ್ತು. ಇನ್ನೊಮ್ಮೆ ಊಹಿಸುವ ಧೈರ್ಯ ಇರಲಿಲ್ಲ.

“ನನಗೆ ಗೊತ್ತಾಗುದಿಲ್ಲ ಅಣ್ಣ. ನಿಮಗೇ ತೋರಿಸ್ತೇನೆ, ಇರಿ.”

ಟ್ಯಾಬ್ಲೆಟ್ ತೆಗೆದು ಪುಟದ ಫೋಟೊ ಹಿಡಿದೆ. ಎರಡು ಬೆರಳಿನಲ್ಲಿ ಹಿಗ್ಗಿಸಿದೆ. ಪರದೆಯಲ್ಲಿ ಬಿಸಿಲು ಬಿಟ್ಟರೆ ಬೇರೇನೂ ಇಲ್ಲ. ಆಗ ಕುಶಾಲಪ್ಪಣ್ಣ ದಿಬ್ಬ ಹತ್ತಿ, ತ್ಯಾಂಪಣ್ಣ ರೈಗಳ ತಲೆಯಿಂದ ಮುಟ್ಟಾಳೆಯನ್ನು ಒಂದು ಮಾತೂ ಹೇಳದೆ ಎತ್ತಿ ತಂದು ಪರದೆಯ ಮೇಲೆ ಕವುಚಿ ಹಿಡಿದರು. ರೈಗಳು ಬೋಳುತಲೆಯಲ್ಲಿ ಬಾಯಿ ತೆರೆದು ನಿಂತರು.

ಮುಟ್ಟಾಳೆಯ ನೆರಳಿನಲ್ಲಿ ಅಂಗೈಯಗಲಕ್ಕೆ ಒಂದು ಮೂರು ಎದ್ದು ಬಂತು. ಅದರ ಹಿಂದೆ, ರಬ್ಬರು ಪೂರ್ತಿ ತಿನ್ನದೆ ಬಿಟ್ಟ ಮಸುಕಾದ ಎಂಟು. ಎರಡು ಅಂಕಿ, ಒಂದರ ಮೇಲೆ ಒಂದು. ಬರಿಗಣ್ಣಿಗೆ ಅವೆರಡೂ ಸೇರಿ ಒಂದೇ ಆಗಿದ್ದವು.

ಕುಶಾಲಪ್ಪಣ್ಣ ಮುಖವನ್ನು ಮುಟ್ಟಾಳೆಯ ಒಳಗೆ ತೂರಿಸಿದರು. ಅಲ್ಲಿಂದಲೇ ಮಾತಾಡಿದರು.

“ಎಂಟು ಹಳೇದು. ಆಚೆ ಅಂಚಿನಿಂದ ಎಣಿಸಿದ್ದು. ಆ ಬದಿಯ ಮರ ಎಲ್ಲ ರೋಗದಲ್ಲಿ ಹೋದ ಮೇಲೆ ಈಚೆಯಿಂದ ಎಣಿಸಿ ಮೂರು ಅಂತ ಬರೆದದ್ದು. ಒತ್ತಿ ಬರೆದದ್ದು ನೋಡು, ಕಾಗದಕ್ಕೆ ಗೀರು ಬಿದ್ದಿದೆ. ನನ್ನ ಕೈಯೇ.” ಬೆರಳಿನಿಂದ ಇನ್ನಷ್ಟು ಹಿಗ್ಗಿಸಿ, “ಕಾಣ್ತದೆ ಮಾರಾಯ. ಎಲ್ಲ ಕಾಣ್ತದೆ,” ಎಂದರು.

ಮೂರನೇ ಸಾಲು, ಹನ್ನೆರಡನೇ ಮರ, ಬುಡದಿಂದ ತೋಡಿನ ಕಡೆಗೆ ಒಂದು ಕೋಲು. ಅವರೇ ಹಾರೆ ಹಿಡಿದರು. ಮೊಣಕಾಲಾಳಕ್ಕೆ ವಾಲ್ವಿನ ತಲೆ ಸಿಕ್ಕಿತು. ತಿರುಗಿಸಿದರು. ಎದೆಯೆತ್ತರದ ನೀರು ಸೊಂಟಕ್ಕೆ, ಮೊಣಕಾಲಿಗೆ, ಆಮೇಲೆ ಒಂದು ಗುಳುಗುಳು ಸದ್ದಿಗೆ ಇಳಿದು ನಿಂತಿತು. ತ್ಯಾಂಪಣ್ಣ ರೈಗಳೂ ನಿಂತರು. ಆಮೇಲೆ ತೋಡಿಗೆ ಹೊರಟಿದ್ದ ಸಸಿಗಳನ್ನು ಹೆಕ್ಕಿ ತಂದವನು ನಾನು, ಗುಂಡಿಗಳ ನೀರು ಖಾಲಿ ಮಾಡಿದವನೂ ನಾನು. ಕುಶಾಲಪ್ಪಣ್ಣ ಒಡೆದ ಪೈಪಿಗೆ ಹೊಸ ತುಂಡು ಸೇರಿಸಿ, ಇದ್ದ ಹನ್ನೊಂದು ಬಂಡೆಗಳ ಸುತ್ತ ಗೂಟ ನೆಟ್ಟು ಸೊಪ್ಪು ಕಟ್ಟಿದರು. ಆ ಸೊಪ್ಪಿನ ಸಾಲು ಅವರ ಪೆನ್ಸಿಲಿನ ಗೆರೆಯ ಹಾಗೇ, ಅದೇ ಕಡೆಗಳಲ್ಲಿ ಬಾಗಿ ಬಾಗಿ ಇಳಿದಿತ್ತು. ಹತ್ತಿರ ನಿಂತು ನೋಡಿದೆ. ಮೇಲೆ ನೋಡಿದರೆ ಸಮ ನೆಲ. ಒಳಗೆ ಏನುಂಟೆಂದು ಈ ಭೂಮಿಯ ಮೇಲೆ ಒಬ್ಬನಿಗೆ ಮಾತ್ರ ಗೊತ್ತಿತ್ತು.

ಜಗಲಿಯಲ್ಲಿ ಮಜ್ಜಿಗೆ ಕುಡಿಯುವಾಗ ರೈಗಳು ತಮ್ಮ ಮುಟ್ಟಾಳೆಯನ್ನು ವಾಪಸು ತೆಗೆದುಕೊಳ್ಳುತ್ತಾ, “ಆ ಮಿಷನು ಒಳ್ಳೇದುಂಟಲ್ಲ ಕುಶಾಲಪ್ಪ. ತೆಗೋ,” ಎಂದರು.

ನನಗೆ ಪ್ರಾಮಾಣಿಕತೆಯ ರೋಗ ಅದೇ ದಿನ ತಗುಲಿತ್ತು. “ಅಣ್ಣ, ಫೋಟೊ ಹಿಡಿದು ಹಿಗ್ಗಿಸುದು ಫೋನಿನಲ್ಲೂ ಆಗ್ತದೆ. ಇಷ್ಟು ದೊಡ್ಡ ಖರ್ಚು ಬೇಕಾ ಅಂತ,” ಎಂದೆ. ಅದರ ಬೆಲೆ ನನ್ನ ಎರಡೂವರೆ ತಿಂಗಳ ಸಂಬಳ.

“ಫೋನಿನಲ್ಲಿ ನೋಡಿದ್ದೇನೆ. ಒಂದು ಮರ ಕಂಡ್ರೆ ತೋಟ ಕಾಣುದಿಲ್ಲ.”

“ಹಾಗಾದ್ರೆ ಬರೀ ಟ್ಯಾಬ್ಲೆಟ್ ಸಾಕಲ್ಲ. ಕೀಬೋರ್ಡಿನದ್ದು ನಿಮಗೆ ಎಂತಕ್ಕೆ?”

ಅವರು ಲೋಟ ಕೆಳಗಿಟ್ಟರು. “ನನ್ನ ಮೂವತ್ತೊಂದು ಪುಸ್ತಕ ಉಂಟು. ಯಾವ ತೋಟ ಯಾವ ಪುಸ್ತಕದಲ್ಲಿ ಅಂತ ಎಲ್ಲಿ ಬರೆದಿದ್ದೇನೆ ಗೊತ್ತುಂಟಾ? ಎಲ್ಲೂ ಇಲ್ಲ. ತಲೆಯಲ್ಲಿ. ಕಣ್ಣು ಹೋದದ್ದು ಗೊತ್ತಾಯ್ತು. ತಲೆ ಹೋಗುದು ಹೋದವನಿಗೆ ಗೊತ್ತಾಗ್ತದಾ? ಪೆನ್ನಿನಲ್ಲಿ ತೋಟ ಬರೀತೇನೆ. ಕೀಬೋರ್ಡಿನ ಗುಂಡಿ ಒತ್ತಿ ಹೆಸರಿನ ಪಟ್ಟಿ ಮಾಡ್ತೇನೆ. ಮನೆ ಹೆಸರು ಹೊಡೆದ್ರೆ ತೋಟ ಬರಬೇಕು. ನಾನು ಇದ್ರೂ, ಇಲ್ಲದಿದ್ರೂ.”

ನನ್ನ ಹದಿನಾಲ್ಕು ಕಾಲಮ್ಮುಗಳಲ್ಲಿ ಒಂದರಲ್ಲೂ ಇದು ಇರಲಿಲ್ಲ.

ಮಾರ್ಚ್ ಹದಿನಾಲ್ಕರಂದು ಪುತ್ತೂರಿಗೆ ಹೋಗಿ ಬುಕ್ ಮಾಡಿದೆವು. ಝುಬೈದಾ ಅರ್ಜಿ ತುಂಬಿಸುತ್ತಾ ಉದ್ಯೋಗ ಏನೆಂದು ಕೇಳಿದಳು. ಪರದೆಯಲ್ಲಿ ಕೃಷಿ, ವ್ಯಾಪಾರ, ವಿದ್ಯಾರ್ಥಿ ಮುಂತಾದ ಆಯ್ಕೆಗಳಿದ್ದವು.

“ಪೈಪು ಎಲ್ಲಿ ಉಂಟು ಅಂತ ಹೇಳುದು,” ಎಂದರು ಕುಶಾಲಪ್ಪಣ್ಣ.

ಅವಳು ಎಲ್ಲ ಆಯ್ಕೆಗಳನ್ನೂ ಮೇಲೆ ಕೆಳಗೆ ಹುಡುಕಿದಳು. “ಇಲ್ಲಿ ‘ಇತರೆ’ ಅಂತ ಮಾತ್ರ ಉಂಟಣ್ಣ.”

“ಅದನ್ನೇ ಒತ್ತು. ನಾನು ಒಬ್ಬನೇ ಅಲ್ವಾ ಇರುದು.”

ಏಪ್ರಿಲಿನಲ್ಲಿ ಟ್ಯಾಬ್ಲೆಟ್ ಬಂತು. ಹಳೆಯ ಪುಟಗಳನ್ನು ನೋಡಿ ನಕಲು ಮಾಡಿಕೊಡುತ್ತೇನೆಂದೆ. ಅವರು ನನ್ನನ್ನು ಒಂದು ನೋಟ ನೋಡಿದರು. ನಡೆಯದೆ ಬರೆದ ನಕ್ಷೆ ನಕ್ಷೆಯಲ್ಲ ಎಂಬುದು ಅವರ ನಿಯಮ. ನೂರ ನಲವತ್ತು ತೋಟಗಳನ್ನೂ ಮತ್ತೊಮ್ಮೆ ನಡೆದು, ಮರ ಎಣಿಸಿ, ಹೊಸದಾಗಿ ಬರೆಯುತ್ತಾರಂತೆ. ಮಳೆಗಾಲಕ್ಕೆ ಬಿಡುವ ಮಾತು ಮತ್ತೆ ಬರಲಿಲ್ಲ. ಮಳೆ ಬೀಳುವ ಮೊದಲು ಕಡಬದ ಕಡೆಯದ್ದು ಮುಗಿಸಬೇಕೆಂಬ ಅವಸರ ಮಾತ್ರ ಬಂತು.

ಹೀಗೆ ಭಾನುವಾರಗಳಲ್ಲಿ ನನಗೊಂದು ಹುದ್ದೆ ಸಿಕ್ಕಿದೆ. ಕುಶಾಲಪ್ಪಣ್ಣ ಬರೆಯುವಾಗ ಪರದೆಗೆ ಬಿಸಿಲು ಬೀಳದ ಹಾಗೆ ಕಪ್ಪು ಕೊಡೆ ಹಿಡಿಯುವುದು. ತಂತ್ರಜ್ಞಾನ ಕ್ಷೇತ್ರದಲ್ಲಿ ನಾನು ಇದುವರೆಗೆ ಏರಿದ ಅತ್ಯುನ್ನತ ಸ್ಥಾನ ಇದು.

ಮೊನ್ನೆ ಕಡಬದ ಒಂದು ತೋಟದಲ್ಲಿದ್ದೆವು. ತೋಟದ ಯಜಮಾನಿ ಕಮಲಾವತಿಯಕ್ಕ ನಮ್ಮ ಹಿಂದೆಯೇ ನಡೆಯುತ್ತಾ, ಕೊಡೆಯೊಳಗೆ ಇಣುಕುತ್ತಿದ್ದರು. ಕುಶಾಲಪ್ಪಣ್ಣ ಎರಡು ಬೆರಳು ಇಟ್ಟು ಹಿಗ್ಗಿಸಿದರು, ಇನ್ನೂ ಹಿಗ್ಗಿಸಿದರು. ಪರದೆಯ ತುಂಬ ಒಂದೇ ಒಂದು ವಾಲ್ವ್ ನಿಂತಿತು.

“ಅಯ್ಯೋ, ತೋಟ ಎಲ್ಲಿ ಹೋಯ್ತು?” ಎಂದರು ಕಮಲಾವತಿಯಕ್ಕ.

“ಇಲ್ಲೇ ಉಂಟು, ಓಡಿ ಹೋಗುದಿಲ್ಲ,” ಎಂದು ಕುಶಾಲಪ್ಪಣ್ಣ ಬೆರಳು ಕುಗ್ಗಿಸಿ ತೋಟವನ್ನು ವಾಪಸು ತಂದು ತೋರಿಸಿ, ಮತ್ತೆ ಹಿಗ್ಗಿಸಿದರು. ಕನ್ನಡಕವನ್ನು ಹಣೆಗೆ ಏರಿಸಿದರು. ವಾಲ್ವಿನ ಪಕ್ಕ, ಇಷ್ಟು ವರ್ಷ ಸಾಸಿವೆಯಷ್ಟೇ ಬರೆದು ಅಭ್ಯಾಸವಾದ ಕೈಯಲ್ಲಿ, ಹಲಸಿನ ಬೀಜದಷ್ಟು ದೊಡ್ಡ ಅಂಕಿ ಬರೆದರು: ಐದನೇ ಸಾಲು, ಒಂಬತ್ತನೇ ಮರ. ಬರೆದು, ಗಟ್ಟಿಯಾಗಿ ಓದಿದರು. ಕಮಲಾವತಿಯಕ್ಕ ಐದನೇ ಸಾಲಿಗೆ ಹೋಗಿ ಮರ ಎಣಿಸಿದರು.

“ಒಂಬತ್ತೇ,” ಎಂದು ಅಲ್ಲಿಂದ ಕೂಗಿದರು.

“ಮತ್ತೆ?” ಎಂದರು ಕುಶಾಲಪ್ಪಣ್ಣ. ನನ್ನ ಕಡೆ ತಿರುಗಿ, “ಕೊಡೆ ನೆಟ್ಟಗೆ ಹಿಡಿ ಲತೀಶ, ಇನ್ನೂ ಆರು ಸಾಲುಂಟು,” ಎಂದು ಮುಂದೆ ನಡೆದರು.